ಕಾಡಿನೊಳಗಿನ ಡಿಸ್ಕ್ ಗಾಲ್ಫ್: ಮರಕ್ಕೆ ಬಡಿಯದಂತೆ ಆಡುವುದು ಹೇಗೆ? (ಷಾರ್ಲೆಟ್, ರೀಡಿ ಕ್ರೀಕ್ ಪಾರ್ಕ್)

ಬಯಲುಸೀಮೆ:
ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್‌ನಿಂದ ನಾರ್ತ್ ಕೆರೊಲಿನಾದ ಷಾರ್ಲೆಟ್‌ಗೆ ಬಂದಿದ್ದೇವೆ. ಡಲ್ಲಾಸ್‌ನಲ್ಲಿ ನಾನು ಆಡುತ್ತಿದ್ದ ಡಿಸ್ಕ್ ಗಾಲ್ಫ್ (ಚೆಂಡಿನ ಬದಲು ಪ್ಲಾಸ್ಟಿಕ್ ಡಿಸ್ಕ್ ಎಸೆದು ಆದಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕುವ ಆಟ) ಕೋರ್ಸ್ ಬರೀ ಬಯಲು. ದೂರದ ಎಸೆತಕ್ಕಿರುವ ಡ್ರೈವರ್ ಡಿಸ್ಕ್ ಹಿಡಿದು ಜೋರಾಗಿ ಬೀಸಿದರೆ ಸಾಕು, ಎಲ್ಲಿ ಬಿದ್ದರೂ ಮುಂದಿನ ಎಸೆತಕ್ಕೆ ದಾರಿ ಇರುತ್ತಿತ್ತು. ಇಲ್ಲಿ ಮನೆಗೆ ಹತ್ತಿರ ಅಂತ ರೀಡಿ ಕ್ರೀಕ್ ಪಾರ್ಕಿಗೆ ಹೋದರೆ ಪೂರ್ತಿ ಕಾಡು. ಎಸೆಯುವ ಜಾಗದಲ್ಲಿ ನಿಂತರೆ ಎರಡೂ ಕಡೆ ಓಕ್, ಪೈನ್, ಸ್ವೀಟ್‌ಗಮ್. ಬುಟ್ಟಿ ಎಲ್ಲಿದೆ ಅಂತಲೂ ಎಷ್ಟೋ ಕಡೆ ಕಾಣುವುದಿಲ್ಲ. ಮೊದಲ ಮರಕ್ಕೇ ಟಪ್ ಅಂತ ಬಡಿಯುತ್ತದೆ, ಡಿಸ್ಕ್ ಪೊದೆಯೊಳಗೆ ಹೋಗುತ್ತದೆ.

ಜೊತೆಗೆ ಆಡುವವರೊಬ್ಬರು, "12 ಸ್ಪೀಡಿನ ಡ್ರೈವರ್ ತೊಗೊಳ್ಳಿ, ಮರಗಳನ್ನು ಬೇಗ ದಾಟಿಬಿಡುತ್ತದೆ" ಅಂದರು. ಇದು ಸರಿಯಾ? ಮಗಳಿಗೆ ಒಂಬತ್ತು ವರ್ಷ, ಅವಳೂ ಬರುತ್ತಾಳೆ. ಅವಳಿಗೆ ಯಾವ ಡಿಸ್ಕ್ ಒಳ್ಳೆಯದು? ಕಾಡಿನಲ್ಲಿ ಆಡಿ ಗೊತ್ತಿರುವವರು ಸ್ವಲ್ಪ ಹೇಳಿ.

ಪೈನ್‌ಕಾಯಿ:
ಬೇಡ. 12 ಸ್ಪೀಡ್ ದಯವಿಟ್ಟು ಬೇಡ.

ತುಂಗಾತೀರ:
ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಉಲ್ಟಾ. ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತವಲ್ಲ, ಸ್ಪೀಡ್, ಗ್ಲೈಡ್ (ತೇಲುವಿಕೆ), ಟರ್ನ್ (ಮೊದಲು ಒಂದು ಪಕ್ಕಕ್ಕೆ ತಿರುಗುವುದು), ಫೇಡ್ (ಕೊನೆಗೆ ಎದುರು ಪಕ್ಕಕ್ಕೆ ಜಾರುವುದು) ಅಂತ. ಮೊದಲನೆಯದನ್ನು ನೋಡಿ ಡಿಸ್ಕ್ ತಾನಾಗೇ ಬೇಗ ಹೋಗುತ್ತದೆ ಅಂದುಕೊಳ್ಳಬಾರದು. ಅದು ಸರಿಯಾಗಿ ಹಾರಬೇಕಾದರೆ ನಿಮ್ಮ ಕೈ ಎಷ್ಟು ವೇಗ ಕೊಡಬೇಕು ಅನ್ನುವ ಅಂಕಿ ಅದು. ಇನ್ನೋವಾ ಕಂಪನಿಯ ಡೆಸ್ಟ್ರಾಯರ್ ಡಿಸ್ಕ್ ತೆಗೆದುಕೊಳ್ಳಿ: 12, 5, -1, 3. ಕೈಯಲ್ಲಿ ಅಷ್ಟು ವೇಗ ಇಲ್ಲದಿದ್ದರೆ ಬೇರೇನೂ ಕಾಣುವುದಿಲ್ಲ, ಕೊನೆಯ 3 ಮಾತ್ರ ಕಾಣುತ್ತದೆ. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡ ತಂದು ಬೀಸುವುದು) ಎಸೆಯುವವರಾದರೆ ಅರ್ಧ ದಾರಿಯಲ್ಲೇ ಎಡಕ್ಕೆ ಜಾರಿ ಕಾಡಿಗೆ ನುಗ್ಗುತ್ತದೆ. ಬಯಲಿನಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಎಡಕ್ಕೆ ಹೋದರೂ ಹುಲ್ಲೇ ತಾನೆ.

ಇನ್ನೊಂದು ಲೆಕ್ಕ ನೋಡಿ. ಕೈಯಿಂದ ಬಿಡುವಾಗ 5 ಡಿಗ್ರಿ ಪಕ್ಕಕ್ಕೆ ಹೋಯಿತು ಅಂದುಕೊಳ್ಳಿ. 60 ಅಡಿ ದೂರದಲ್ಲಿ ಅದು ಸುಮಾರು 5 ಅಡಿ ತಪ್ಪು. 150 ಅಡಿಯಲ್ಲಿ 13 ಅಡಿ. 300 ಅಡಿಯಲ್ಲಿ 26 ಅಡಿ. ಕಾಡಿನ ಕೋರ್ಸಿನಲ್ಲಿ 26 ಅಡಿ ಪಕ್ಕಕ್ಕೆ ಹೋದರೆ ಡಿಸ್ಕ್ ಹುಡುಕುವುದೇ ಕೆಲಸ. ಅದಕ್ಕೇ 300 ಅಡಿಯ ಹೋಲ್ (ಎಸೆಯುವ ಜಾಗದಿಂದ ಒಂದು ಬುಟ್ಟಿಯವರೆಗಿನ ದಾರಿ) ಅನ್ನು 150 ಅಡಿಯ ಎರಡು ಎಸೆತ ಅಂತ ನೋಡಿ. ಹತ್ತಿರದ ಎಸೆತಕ್ಕಿರುವ ಪುಟರ್ ಅಥವಾ ಮಧ್ಯಮ ದೂರದ ಮಿಡ್‌ರೇಂಜ್ ಡಿಸ್ಕ್ ಹಿಡಿಯಿರಿ. ಏವಿಯಾರ್ ಅನ್ನುವ ಪುಟರ್ 2, 3, 0, 1. ಬಜ್ ಅನ್ನುವ ಮಿಡ್‌ರೇಂಜ್ 5, 4, -1, 1. ಇವು ಕಡಿಮೆ ವೇಗಕ್ಕೇ ನೇರ ಹೋಗುತ್ತವೆ. ಓಡಿ ಬಂದು ಎಸೆಯುವುದನ್ನು ಸದ್ಯಕ್ಕೆ ಬಿಡಿ. ನಿಂತಲ್ಲೇ ನಿಂತು, ಮುಕ್ಕಾಲು ಶಕ್ತಿಯಲ್ಲಿ, ಡಿಸ್ಕಿನ ಮುಂದಿನ ಅಂಚು ಮೇಲೇಳದಂತೆ ಬಿಡಿ. ಎರಡು ನೇರ ಎಸೆತ, ಹತ್ತಿರದಿಂದ ಬುಟ್ಟಿಗೆ ಒಂದು ಪಟ್, ಪಾರ್ 3 (ಆ ಹೋಲಿಗೆ ನಿಗದಿಯಾದ ಮೂರು ಎಸೆತ) ಆಯಿತು.

ಬಯಲುಸೀಮೆ:
ತುಂಬಾ ಥ್ಯಾಂಕ್ಸ್ ಸಾರ್. ಸ್ಪೀಡ್ ಅಂಕಿಯ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಪುಟರ್ ಅಂದರೆ ಬುಟ್ಟಿಯ ಹತ್ತಿರ ಬಳಸುವುದಲ್ವಾ? ಅದನ್ನೇ ಮೊದಲ ಎಸೆತದ ಜಾಗವಾದ ಟೀ ಪ್ಯಾಡ್‌ನಿಂದ ಎಸೆಯಬಹುದಾ?

ತುಂಗಾತೀರ:
ಧಾರಾಳವಾಗಿ. ಯಾವ ಡಿಸ್ಕನ್ನು ಎಲ್ಲಿಂದ ಎಸೆಯಬೇಕು ಅನ್ನುವ ನಿಯಮವೇ ಇಲ್ಲ.

ಹೆಬ್ಬಲಸು:
ತುಂಗಾತೀರ ಅವರ ಮಾತಿಗೆ ಸ್ವಲ್ಪ ತಕರಾರು ಇದೆ. ಎಲ್ಲಾ ಹೋಲಿಗೂ ಪುಟರ್ ಅಂದರೆ ಆಟ ಬೆಳೆಯುವುದಿಲ್ಲ. ಕೊಂಬೆಗಳು ತಗ್ಗಿರುವ ಕಡೆ ಪುಟರ್ ಎಸೆದರೆ ಅದು ತೇಲಿ ಮೇಲೆದ್ದು ಎಲೆಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ 6 ಅಥವಾ 7 ಸ್ಪೀಡಿನ ಫೇರ್‌ವೇ ಡ್ರೈವರ್ ಬೇಕು, ನೆಲದ ಹತ್ತಿರವೇ ಸರ್ರನೆ ಹೋಗುತ್ತದೆ. ಲೆಪರ್ಡ್ ಅನ್ನುವ ಡಿಸ್ಕ್ 6, 5, -2, 1. ಮೆಲ್ಲಗೆ ಎಸೆಯುವವರಿಗೂ ಮಾತು ಕೇಳುತ್ತದೆ. ಜೊತೆಗೆ ಫೋರ್‌ಹ್ಯಾಂಡ್ (ಕೈಯನ್ನು ಮೈಯ ಪಕ್ಕದಿಂದ ಬೀಸುವ ಎಸೆತ) ಕಲಿಯಲೇಬೇಕು. ದಾರಿ ಬಲಕ್ಕೆ ಬಾಗಿದರೆ ಬಲಗೈ ಬ್ಯಾಕ್‌ಹ್ಯಾಂಡ್ ಇಟ್ಟುಕೊಂಡು ಏನು ಮಾಡುತ್ತೀರಿ?

ತುಂಗಾತೀರ:
ಲೆಪರ್ಡ್ ಒಪ್ಪಿದೆ. ಫೋರ್‌ಹ್ಯಾಂಡ್ ಕೂಡ ಒಪ್ಪಿದೆ. ಆದರೆ ಈಗಲೇ ಎಲ್ಲವನ್ನೂ ತಲೆಗೆ ತುಂಬುವುದು ಬೇಡ. ಮೊದಲು ಒಂದು ಡಿಸ್ಕ್ ನೇರ ಹೋಗಲಿ. ಮಣಿಕಟ್ಟು ಗಟ್ಟಿಯಾಗುವ ಮೊದಲೇ ಡ್ರೈವರ್ ಹಿಡಿದು ಫೋರ್‌ಹ್ಯಾಂಡ್ ಬೀಸಿ ಮೊಣಕೈ ನೋವು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಗುಬ್ಬಚ್ಚಿ:
ಮರ ಅಂದರೆ ನೂರಕ್ಕೆ ತೊಂಬತ್ತು ಭಾಗ ಗಾಳಿ, ಧೈರ್ಯವಾಗಿ ಎಸೆಯಿರಿ ಅಂತ ಇಲ್ಲಿನ ಹಳಬರು ಹೇಳುತ್ತಾರೆ.

ಪೈನ್‌ಕಾಯಿ:
ಆ ಮಾತು ನಂಬಿಯೇ ಜನ ಡಿಸ್ಕ್ ಕಳೆದುಕೊಳ್ಳುವುದು. ಒಂದು ಮರದ ನಡುವೆ ಗಾಳಿ ಇರಬಹುದು. ಮೂವತ್ತು ಮರ ಒಂದರ ಹಿಂದೆ ಒಂದು ನಿಂತಿದ್ದರೆ ಒಂದಾದರೂ ಅಡ್ಡ ಬಂದೇ ಬರುತ್ತದೆ. ಡಿಸ್ಕ್ ಮರದ ಹಿಂದೆ ಬಿದ್ದಾಗ ಸಣ್ಣ ಕಿಂಡಿ ಕಂಡಿತು ಅಂತ ಬುಟ್ಟಿಯ ಕಡೆಗೇ ಹೊಡೆಯಬೇಡಿ. ಪಕ್ಕಕ್ಕೆ, ಬೇಕಾದರೆ ಹಿಂದಕ್ಕಾದರೂ ಸರಿ, ಮೆಲ್ಲಗೆ ದಾರಿಗೆ ತಳ್ಳಿ. ಕೇರಂನಲ್ಲಿ ಕಾಯಿ ಬೀಳದಿದ್ದರೂ ಮುಂದಿನ ಹೊಡೆತಕ್ಕೆ ಸರಿಯಾಗಿ ಕೂರಿಸುತ್ತೇವಲ್ಲ, ಹಾಗೆ. ಒಂದು ಎಸೆತ ಜಾಸ್ತಿಯಾಗುತ್ತದೆ ಅಷ್ಟೆ. ಕಿಂಡಿಗೆ ಹೊಡೆದು ಮತ್ತೆ ಮರಕ್ಕೆ ಬಡಿದರೆ ಮೂರು ಜಾಸ್ತಿಯಾಗುತ್ತದೆ.

ಗುಬ್ಬಚ್ಚಿ:
ಇನ್ನೊಂದು ವಿಷಯ. ಕಣ್ಣು ಮರದ ಮೇಲೆ ಇದ್ದರೆ ಡಿಸ್ಕ್ ಮರಕ್ಕೇ ಹೋಗುತ್ತದೆ. ಮರಗಳ ನಡುವಿನ ಖಾಲಿ ಜಾಗದ ಆಚೆ ಒಂದು ಎಲೆಯನ್ನೋ ಕಾಂಡದ ಮೇಲಿನ ಕಲೆಯನ್ನೋ ಗುರುತು ಮಾಡಿಕೊಂಡು ಅದನ್ನೇ ನೋಡಿ ಎಸೆಯಿರಿ. ಕಾಡಿನಲ್ಲಿ ಆಡುವವರಿಗೆ ಇದು ತುಂಬಾ ಮುಖ್ಯ.

ಸಂಜೆಮಲ್ಲಿಗೆ:
ನಾನು ಆಡುವವಳಲ್ಲ. ಆದರೆ ಇದೇ ರೀತಿಯ ಕಾಡಿನ ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವವಳು, ಅದಕ್ಕೇ ಬರೆಯುತ್ತಿದ್ದೇನೆ. ನೀವೆಲ್ಲ ಡಿಸ್ಕ್, ಸ್ಪೀಡ್, ಬುಟ್ಟಿ ಅಂತ ಮಾತಾಡುತ್ತಿದ್ದೀರಿ. ನಡೆಯುವವರ ಬಗ್ಗೆ ಒಬ್ಬರೂ ಹೇಳಲಿಲ್ಲ. ಮೊನ್ನೆ ಮೊಮ್ಮಗುವನ್ನು ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ಹೋಗುವಾಗ ಮರಗಳ ಹಿಂದಿನಿಂದ ಒಂದು ಡಿಸ್ಕ್ ಬಂದು ನಮ್ಮ ಮುಂದೆಯೇ ಕಾಲುದಾರಿಯ ಮೇಲೆ ಬಿತ್ತು. ಯಾರೂ ಕೂಗಲಿಲ್ಲ. ಆಮೇಲೆ ಇಬ್ಬರು ಹುಡುಗರು ಬಂದು ಎತ್ತಿಕೊಂಡು ಹೋದರು, ಒಂದು ಮಾತಿಲ್ಲ. 170 ಗ್ರಾಂ ಪ್ಲಾಸ್ಟಿಕ್ ಮಗುವಿನ ಮುಖಕ್ಕೆ ಬಡಿದಿದ್ದರೆ? ಅಂಚು ಎಷ್ಟು ಗಟ್ಟಿ ಇರುತ್ತದೆ ಅಂತ ನಿಮಗೇ ಗೊತ್ತು.

ಹೆಬ್ಬಲಸು:
ಅಕ್ಕ, ನಿಮ್ಮ ಗಾಬರಿ ಅರ್ಥವಾಗುತ್ತದೆ. ಆದರೆ ಕೋರ್ಸ್ ಇರುವ ಕಡೆ ಬೋರ್ಡ್ ಇರುತ್ತದೆ. ಅಲ್ಲಿ ನಡೆಯುವವರೂ ಸ್ವಲ್ಪ ನೋಡಿಕೊಂಡು ಬರಬೇಕಲ್ವಾ? ಎಷ್ಟೋ ಜನ ಇಯರ್‌ಫೋನ್ ಹಾಕಿಕೊಂಡು ಫೇರ್‌ವೇ (ಡಿಸ್ಕ್ ಎಸೆಯುವ ದಾರಿ) ನಡುವೆಯೇ ನಡೆಯುತ್ತಾರೆ. ನಾವು ಐದು ನಿಮಿಷ ಕಾಯಬೇಕಾಗುತ್ತದೆ.

ಸಂಜೆಮಲ್ಲಿಗೆ:
ಕಾಯಿರಿ. ಪಾರ್ಕ್ ಎಲ್ಲರದ್ದು. ನಾನು ನಡೆದದ್ದು ಪಾರ್ಕಿನವರೇ ಮಾಡಿರುವ ದಾರಿಯಲ್ಲಿ, ನಿಮ್ಮ ಫೇರ್‌ವೇಯಲ್ಲಿ ಅಲ್ಲ.

ಕಾಫಿಡಬರಿ:
ಸಂಜೆಮಲ್ಲಿಗೆ ಮೇಡಂ ಹೇಳಿದ್ದೇ ಸರಿ. ಇದರಲ್ಲಿ ವಾದವೇ ಇಲ್ಲ. ಈ ಆಟದ ಸಂಸ್ಥೆ ಪಿಡಿಜಿಎ ನಿಯಮದಲ್ಲೇ ಇದೆ, ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಎಸೆಯಬಾರದು. ಎಸೆತಕ್ಕೆ ಕೊಡುವ ಮೂವತ್ತು ಸೆಕೆಂಡು ಕೂಡ ಮುಂದಿನ ದಾರಿ ಖಾಲಿಯಾದ ಮೇಲೇ ಶುರು. ಬೋರ್ಡ್ ಇದ್ದ ಮಾತ್ರಕ್ಕೆ ಎಸೆಯುವವನ ಹೊಣೆ ಕಡಿಮೆಯಾಗುವುದಿಲ್ಲ ಹೆಬ್ಬಲಸು ಅವರೇ.

ಕಾಡಿನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಬಯಲಿನಲ್ಲಿ ಎದುರಿಗೆ ಬರುವವರು ಕಾಣುತ್ತಾರೆ. ಇಲ್ಲಿ ತಿರುವಿನ ಆಚೆ ಯಾರಿದ್ದಾರೋ ಗೊತ್ತಾಗುವುದಿಲ್ಲ. ಮರಕ್ಕೆ ಬಡಿದ ಡಿಸ್ಕ್ ಯಾವ ಕಡೆ ಚಿಮ್ಮುತ್ತದೆ ಅಂತ ಎಸೆದವನಿಗೂ ಗೊತ್ತಿರುವುದಿಲ್ಲ. ನಮ್ಮ ಗುಂಪಿನಲ್ಲಿ ದಾರಿ ಕಾಣದ ಹೋಲ್ ಬಂದರೆ ಒಬ್ಬರು ಮುಂದೆ ಹೋಗಿ ತಿರುವಿನಲ್ಲಿ ನಿಲ್ಲುತ್ತಾರೆ. ಅವರು ಕೈ ಎತ್ತಿದ ಮೇಲೆ ಉಳಿದವರು ಎಸೆಯುತ್ತಾರೆ. ಡಿಸ್ಕ್ ಎಲ್ಲಿ ಬಿತ್ತು ಅಂತಲೂ ಅವರಿಗೆ ಕಾಣುತ್ತದೆ, ಹುಡುಕುವ ಕೆಲಸವೂ ಅರ್ಧ ಕಡಿಮೆ. ಇಷ್ಟಾಗಿಯೂ ತಪ್ಪಿ ಯಾರ ಕಡೆಗಾದರೂ ಹೋದರೆ ಗಂಟಲು ಹರಿಯುವಂತೆ "ಫೋರ್" ಅಂತ ಕೂಗಬೇಕು. ಆಮೇಲೆ ಹೋಗಿ ಮಾತಾಡಿಸಬೇಕು.

ಹೆಬ್ಬಲಸು:
ಆಯಿತು, ನಿಯಮದ ಮಾತು ಒಪ್ಪಿದೆ. ಮುಂದೆ ಒಬ್ಬರನ್ನು ನಿಲ್ಲಿಸುವುದು ಒಳ್ಳೆಯ ಉಪಾಯ. ಒಬ್ಬನೇ ಆಡುವಾಗ?

ಕಾಫಿಡಬರಿ:
ಒಬ್ಬನೇ ಇದ್ದರೆ ತಿರುವಿನವರೆಗೆ ನಡೆದು ನೋಡಿಕೊಂಡು ಬನ್ನಿ. ಅದೂ ವ್ಯಾಯಾಮವೇ.

ಮಳೆಹನಿ:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳಲೇಬೇಕು. ಕಾಡಿನಲ್ಲಿ ಆಡುತ್ತೀರಿ ಅಂದರೆ ಮುಟ್ಟಿದರೆ ತುರಿಕೆ ಬರುವ ಪಾಯ್ಸನ್ ಐವಿ ಗಿಡದ ಗುರುತು ಹಿಡಿಯುವುದನ್ನು ಕಲಿಯಿರಿ. ಒಂದೇ ತೊಟ್ಟಿಗೆ ಮೂರು ಎಲೆ. ನಡುವಿನ ಎಲೆಯ ತೊಟ್ಟು ಪಕ್ಕದವಕ್ಕಿಂತ ಉದ್ದ. ನೆಲದಲ್ಲೂ ಹಬ್ಬುತ್ತದೆ, ಮರಕ್ಕೂ ಹತ್ತುತ್ತದೆ. ಮರ ಹತ್ತಿದ ಹಳೆಯ ಬಳ್ಳಿಯ ಮೈತುಂಬ ಕಂದು ಕೂದಲಿನಂತೆ ಬೇರು ಇರುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೂ ಆ ಬಳ್ಳಿ ಮುಟ್ಟಿದರೆ ತುರಿಕೆ ಗ್ಯಾರಂಟಿ. ನಮ್ಮ ಮನೆಯವರು ಪೊದೆಗೆ ಕೈ ಹಾಕಿ ಡಿಸ್ಕ್ ತೆಗೆದು, ಅದೇ ಕೈಯಲ್ಲಿ ಬೆವರು ಒರೆಸಿಕೊಂಡರು. ಮಾರನೆಯ ದಿನ ಕಣ್ಣು ತೆರೆಯಲಾಗಲಿಲ್ಲ, ಮುಖ ಅಷ್ಟು ಊದಿತ್ತು. ಅದರ ಎಣ್ಣೆ ಡಿಸ್ಕಿನ ಮೇಲೂ ಉಳಿಯುತ್ತದೆ. ಹಾಗಾಗಿ ಮನೆಗೆ ಬಂದ ತಕ್ಷಣ ಪಾತ್ರೆ ತೊಳೆಯುವ ಸೋಪು ಹಚ್ಚಿ ಕೈಕಾಲು, ಡಿಸ್ಕ್ ಎರಡನ್ನೂ ತೊಳೆಯಿರಿ.

ಆಮೇಲೆ ಉಣ್ಣೆ, ಅಂದರೆ ರಕ್ತ ಹೀರುವ ಹುಳ (ಟಿಕ್). ನಾನು ಸಾಗರದ ಕಡೆಯವಳು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಗೊತ್ತಾದಾಗಿನಿಂದ ನಮ್ಮ ಕಡೆ ಕಾಡಿಗೆ ಹೋಗಿ ಬಂದವರು ಮೈ ನೋಡಿಕೊಳ್ಳುವುದು ರೂಢಿ. ದರಕು (ಒಣಗಿದ ಎಲೆ) ತರಲು ಹೋಗುವವರು ಉಣ್ಣೆ ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇಲ್ಲಿ ಆ ಕಾಯಿಲೆ ಇಲ್ಲ, ಆದರೆ ಉಣ್ಣೆ ಬೇಕಾದಷ್ಟಿದೆ, ಅವು ತರುವ ಬೇರೆ ಕಾಯಿಲೆಗಳೂ ಇವೆ. ಉದ್ದ ಕಾಲುಚೀಲ ಹಾಕಿಕೊಳ್ಳಿ. ಮಗಳ ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಪಟ್ಟಿ ಕೂರುವ ಜಾಗ, ತಲೆಕೂದಲಿನ ಬುಡ, ಇಷ್ಟನ್ನು ಮನೆಗೆ ಬಂದ ಮೇಲೆ ನೋಡಲೇಬೇಕು.

ಗುಬ್ಬಚ್ಚಿ:
ಲೋನ್ ಸ್ಟಾರ್ ಅನ್ನುವ ಉಣ್ಣೆ ಕಚ್ಚಿದರೆ ಕೆಲವರಿಗೆ ಮಟನ್, ಬೀಫ್, ಹಂದಿ ಮಾಂಸ ತಿಂದಾಗ ಅಲರ್ಜಿ ಶುರುವಾಗುತ್ತದೆ. ನಾರ್ತ್ ಕೆರೊಲಿನಾದಲ್ಲಿ ಆ ಉಣ್ಣೆ ಸಾಮಾನ್ಯ. ಮಾಂಸ ತಿಂದು ಕೆಲವು ಗಂಟೆ ಆದ ಮೇಲೆ ಮೈಯೆಲ್ಲ ದದ್ದು ಏಳುವುದರಿಂದ ಕಾರಣವೇ ತಿಳಿಯುವುದಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಬಯಲುಸೀಮೆ:
ಇದು ಗೊತ್ತೇ ಇರಲಿಲ್ಲ. ಮಳೆಹನಿ ಅಕ್ಕ, ತುಂಬಾ ಉಪಕಾರ. ಪೊದೆಯೊಳಗೆ ಡಿಸ್ಕ್ ಬಿದ್ದರೆ ಕೊಂಬೆ ಮುರಿದು ದಾರಿ ಮಾಡಿಕೊಳ್ಳಬಹುದಾ? ಕೆಲವರು ಹಾಗೆ ಮಾಡುವುದನ್ನು ನೋಡಿದೆ.

ಕಾಫಿಡಬರಿ:
ಬೇಡವೇ ಬೇಡ. ಬೆಳೆಯುತ್ತಿರುವ ಗಿಡವನ್ನು ಮುರಿಯುವುದಿರಲಿ, ಬಗ್ಗಿಸಿ ಹಿಡಿದುಕೊಳ್ಳುವ ಹಾಗೂ ಇಲ್ಲ. ಗಿಡ ಆದಷ್ಟು ಕಡಿಮೆ ಅಲುಗುವ ಹಾಗೆ ನಿಲ್ಲಬೇಕು. ಎಸೆಯುವಾಗ ಕೈ ತಾಗಿ ಕೊಂಬೆ ಅಲುಗಿದರೆ ತೊಂದರೆ ಇಲ್ಲ. ಬಿದ್ದ ಎಲೆ, ಮುರಿದು ಬಿದ್ದ ಕಡ್ಡಿ ನಿಂತುಕೊಳ್ಳುವ ಜಾಗದಲ್ಲಿದ್ದರೆ ತೆಗೆಯಬಹುದು. ನಿಮ್ಮ ಮತ್ತು ಬುಟ್ಟಿಯ ನಡುವೆ ಇರುವುದನ್ನು ತೆಗೆಯುವ ಹಾಗಿಲ್ಲ. ಮಂಡಿಯೂರಿ ಎಸೆಯಬಹುದು, ಅದಕ್ಕೆ ಅಡ್ಡಿಯಿಲ್ಲ.

ಹೊಂಗೆನೆರಳು:
ನಾನು ಸಸ್ಯಶಾಸ್ತ್ರ ಪಾಠ ಮಾಡುವವನು, ಮರದ ಪರವಾಗಿ ಎರಡು ಮಾತು. ಡಿಸ್ಕ್ ಒಂದು ಸಲ ಬಡಿದರೆ ದೊಡ್ಡ ಪೈನ್ ಮರಕ್ಕೆ ಏನೂ ಆಗುವುದಿಲ್ಲ, ಅದರ ತೊಗಟೆ ದಪ್ಪ. ಬೀಚ್ ಮರ ಹಾಗಲ್ಲ. ಅದರ ತೊಗಟೆ ತೆಳು, ನುಣುಪು. ಒಮ್ಮೆ ಗಾಯವಾದರೆ ಕಲೆ ಜೀವಮಾನವಿಡೀ ಉಳಿಯುತ್ತದೆ. ಟೀ ಪ್ಯಾಡ್ ಎದುರಿಗೇ ಇರುವ ಮರಕ್ಕೆ ದಿನವಿಡೀ ಅದೇ ಎತ್ತರದಲ್ಲಿ ಏಟು ಬೀಳುತ್ತದೆ. ತೊಗಟೆ ಕಿತ್ತುಹೋದರೆ ಅದರ ಕೆಳಗಿನ ಜೀವಂತ ಪದರ ಒಣಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಅಲ್ಲಿಂದಲೇ. ಕಾಂಡದ ಸುತ್ತಲೂ ಹೀಗಾದರೆ ಮರ ನಿಂತಲ್ಲೇ ಸಾಯುತ್ತದೆ.

ಆದರೆ ಕಣ್ಣಿಗೆ ಕಾಣದ ಹಾನಿ ನೆಲದ ಕೆಳಗಿನದು. ಷಾರ್ಲೆಟ್ ಸುತ್ತ ಕೆಂಪು ಜೇಡಿಮಣ್ಣು. ಒದ್ದೆಯಿದ್ದಾಗ ಜನ ಓಡಾಡಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಬೇರಿಗೆ ಗಾಳಿಯೂ ಇಲ್ಲ, ನೀರೂ ಇಳಿಯುವುದಿಲ್ಲ. ಇಳಿಜಾರಿನಲ್ಲಿ ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗಿ ಬೇರು ಮೇಲೆ ಬರುತ್ತದೆ. ಬುಟ್ಟಿಯ ಸುತ್ತ ನೋಡಿ, ಇದು ಎದ್ದು ಕಾಣುತ್ತದೆ. ಅದಕ್ಕೇ ಒಳ್ಳೆಯ ಕೋರ್ಸುಗಳಲ್ಲಿ ಮರದ ಚೂರು ಹರಡುತ್ತಾರೆ, ಒಂದೇ ಹೋಲಿಗೆ ಎರಡು ಮೂರು ಕಡೆ ಬುಟ್ಟಿಯ ಜಾಗ ಮಾಡಿ ಆಗಾಗ ಬದಲಾಯಿಸುತ್ತಾರೆ, ಏಟು ಬೀಳುವ ಮರದ ಮುಂದೆ ಕಂಬ ನೆಡುತ್ತಾರೆ. ಜೋರು ಮಳೆ ಬಂದ ಮಾರನೆಯ ದಿನ ಆಡದೇ ಇದ್ದರೆ ಮರಕ್ಕೆ ನೀವೇ ದೊಡ್ಡ ಉಪಕಾರ ಮಾಡಿದಂತೆ.

ಪೈನ್‌ಕಾಯಿ:
ಮೆಲ್ಲಗೆ ಪುಟರ್ ಎಸೆಯುವುದರಿಂದ ಮರಕ್ಕೂ ಒಳ್ಳೆಯದು ಅಂತಾಯಿತು. ಪುಟರ್ ಅಂಚು ದುಂಡಗೆ, ವೇಗವೂ ಕಡಿಮೆ. ಡ್ರೈವರ್ ಅಂಚು ಚೂಪು.

ಹೊಂಗೆನೆರಳು:
ಹೌದು, ಅದು ನಿಜ.

ಹಿಮಕರಡಿ:
ಫಿನ್‌ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಊರೂರಿಗೂ ಕೋರ್ಸ್ ಇದೆ, ಬಹಳಷ್ಟು ಕಾಡಿನಲ್ಲೇ. 2025ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಇಲ್ಲಿನ ನೋಕಿಯಾ, ತಾಂಪೆರೆ ಊರುಗಳಲ್ಲಿ. ಸ್ಪ್ರೂಸ್ ಮರದ ಕೊಂಬೆ ನೆಲದವರೆಗೂ ಇಳಿದಿರುತ್ತದೆ. ಅದರೊಳಗೆ ಡಿಸ್ಕ್ ಹೋದರೆ ತೆವಳಿಕೊಂಡು ಹೋಗಬೇಕು. ನೆಲದ ತುಂಬ ಬ್ಲೂಬೆರಿ ಗಿಡ. ಡಿಸ್ಕ್ ಹುಡುಕಲು ಬಗ್ಗಿದವರು ಹಣ್ಣು ತಿನ್ನುತ್ತಾ ಅಲ್ಲೇ ಉಳಿಯುತ್ತಾರೆ!

ಚಳಿಗಾಲದಲ್ಲಿ ಹಿಮದಲ್ಲೂ ಆಡುತ್ತೇವೆ. ಪುಡಿ ಹಿಮಕ್ಕೆ ಬಿದ್ದ ಡಿಸ್ಕ್ ಒಳಗೆ ಜಾರಿ ಮಾಯವಾಗುತ್ತದೆ, ಮೇಲೆ ಒಂದು ಗೆರೆ ಮಾತ್ರ ಉಳಿಯುತ್ತದೆ. ಅದಕ್ಕೆ ಡಿಸ್ಕಿನ ಒಳಮೈಗೆ ಒಂದು ಗೇಣುದ್ದದ ಬಣ್ಣದ ರಿಬ್ಬನ್ ಟೇಪ್ ಹಾಕಿ ಅಂಟಿಸುತ್ತೇವೆ. ಡಿಸ್ಕ್ ಮುಳುಗಿದರೂ ರಿಬ್ಬನ್ನಿನ ತುದಿ ಮೇಲೆ ಕಾಣುತ್ತದೆ. ನಿಮ್ಮಲ್ಲಿ ನವೆಂಬರ್‌ನಲ್ಲಿ ಎಲೆ ಉದುರಿದಾಗಲೂ ಇದನ್ನು ಮಾಡಿ ನೋಡಬಹುದು.

ಗುಬ್ಬಚ್ಚಿ:
ಎಲೆ ಉದುರುವ ಕಾಲಕ್ಕೆ ಬಣ್ಣವೂ ಮುಖ್ಯ. ಕೆಂಪು, ಕಿತ್ತಳೆ, ಹಳದಿ ಡಿಸ್ಕ್ ಒಣಗಿದ ಎಲೆಗಳ ನಡುವೆ ಕಾಣುವುದೇ ಇಲ್ಲ. ಆಗ ತಿಳಿನೀಲಿ ಅಥವಾ ಜೋರು ಗುಲಾಬಿ ಒಳ್ಳೆಯದು. ಹಸಿರು ಡಿಸ್ಕ್ ಅಂತೂ ಕಾಡಿಗೆ ಯಾವ ಕಾಲಕ್ಕೂ ಬೇಡ.

ಕೆಂಗುಲಾಬಿ:
ಈ ಆಟದ ಮೊದಲ ಕಾಯಂ ಕೋರ್ಸ್ ಕೂಡ ಮರಗಳ ನಡುವೆಯೇ ಇರುವುದು ಗೊತ್ತಾ? ಕ್ಯಾಲಿಫೋರ್ನಿಯಾದ ಪಸಡೀನಾ ಪಕ್ಕ, ಆಗ ಓಕ್ ಗ್ರೋವ್ ಪಾರ್ಕ್ ಅಂತಿತ್ತು, ಈಗ ಹಹಮಾಂಗ್ನಾ ಅನ್ನುತ್ತಾರೆ. ನಾಸಾದ ಜೆಪಿಎಲ್ ಪ್ರಯೋಗಾಲಯದ ಪಕ್ಕದಲ್ಲೇ. 1975ರಲ್ಲಿ ಎಡ್ ಹೆಡ್ರಿಕ್ ಅಲ್ಲಿ ಕೋರ್ಸ್ ಮಾಡಿದರು. ಮೊದಲು ಬುಟ್ಟಿ ಇರಲಿಲ್ಲ, ಕಂಬಕ್ಕೆ ಹೊಡೆಯಬೇಕಿತ್ತು. ತಾಗಿತೋ ಇಲ್ಲವೋ ಅಂತ ಜಗಳ. ಆಮೇಲೆ ಅವರೇ ಸರಪಳಿ ಇಳಿಬಿಟ್ಟ ಬುಟ್ಟಿ ಕಂಡುಹಿಡಿದರು. ಈಗ ನಾವು ಕೇಳುವ ಆ ಝಣ್ ಸದ್ದು ಅಲ್ಲಿಂದ ಬಂದದ್ದು. 2002ರಲ್ಲಿ ಅವರು ತೀರಿಕೊಂಡಾಗ, ಅವರ ಆಸೆಯಂತೆ ಅಸ್ಥಿಯ ಬೂದಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು.

ತುಂಗಾತೀರ:
ಷಾರ್ಲೆಟ್‌ಗೂ ಹೆಮ್ಮೆ ಪಡುವಂಥದ್ದಿದೆ. 2012ರ ವಿಶ್ವ ಚಾಂಪಿಯನ್‌ಷಿಪ್ ಇಲ್ಲೇ ಆಯಿತು. ಹೆಸರಾಂತ ಆಟಗಾರ ಪಾಲ್ ಮೆಕ್‌ಬೆತ್ ತನ್ನ ಮೊದಲ ವಿಶ್ವ ಪಟ್ಟ ಗೆದ್ದದ್ದು ಆಗಲೇ. ಬಯಲುಸೀಮೆ ಅವರೇ, ರೀಡಿ ಕ್ರೀಕ್ ಅಲ್ಲದೆ ಹಾರ್ನೆಟ್ಸ್ ನೆಸ್ಟ್, ರೆನಸಾನ್ಸ್ ಪಾರ್ಕುಗಳಲ್ಲೂ ಕೋರ್ಸ್ ಇದೆ. ರೆನಸಾನ್ಸ್ ಉದ್ದ ಜಾಸ್ತಿ, ಅದಕ್ಕೆ ಸ್ವಲ್ಪ ಕೈ ಕುದುರಿದ ಮೇಲೆ ಹೋಗಿ.

ಹೆಬ್ಬಲಸು:
ಮೆಕ್‌ಬೆತ್ ಅಂದಾಗ ಆಗ್ಡೆನ್‌ನಲ್ಲಿ ನಡೆದ 2021ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನೆನಪಾಗುತ್ತದೆ. ಕೊನೆಯ ಹೋಲ್, ಜೇಮ್ಸ್ ಕಾನ್ರಾಡ್ ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದೆ. 247 ಅಡಿ ದೂರದಿಂದ ಎಸೆದದ್ದು ನೇರ ಬುಟ್ಟಿಗೆ ಬಿತ್ತು. ಸಮ ಆಯಿತು, ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು.

ತುಂಗಾತೀರ:
ಅವರು ಎಸೆದದ್ದು ಯಾವ ಡಿಸ್ಕ್ ಹೇಳಿ ನೋಡೋಣ? ಎನ್ವಿ. ಅದು ಪುಟರ್!

ಹೆಬ್ಬಲಸು:
ಸರಿ ಸರಿ, ಪುಟರ್ ವಿಷಯದಲ್ಲಿ ನಿಮಗೇ ಜಯ.

ಕೆರೆದಂಡೆ:
ನಾನು ಬೆಂಗಳೂರಿನಲ್ಲಿ ಇರುವವನು. ಕಬ್ಬನ್ ಪಾರ್ಕಿನಲ್ಲಿ ಇಂಥ ಒಂಬತ್ತು ಬುಟ್ಟಿ ಇಟ್ಟರೆ ಎಷ್ಟು ಚೆನ್ನ ಅಲ್ವಾ? ಮರ ಇದೆ, ಜಾಗ ಇದೆ.

ಸಂಜೆಮಲ್ಲಿಗೆ:
ಭಾನುವಾರ ಕಬ್ಬನ್ ಪಾರ್ಕಿಗೆ ಎಷ್ಟು ಜನ ಬರುತ್ತಾರೆ ಅಂತ ನೋಡಿದ್ದೀರಾ? ಚಾಪೆ ಹಾಸಿ ಮಲಗಿರುವ ಮಕ್ಕಳ ಮೇಲೆ ಎಸೆಯುತ್ತೀರಾ?

ಹೊಂಗೆನೆರಳು:
ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡಕ್ಕೂ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇರಲಿ ಬಿಡಿ ಆ ರಕ್ಷಣೆ. ಆಡುವ ಆಸೆ ಇದ್ದರೆ ಊರಾಚೆ ತೋಟ, ಕಾಲೇಜಿನ ದೊಡ್ಡ ಕ್ಯಾಂಪಸ್ ನೋಡಿ. ಎರಡು ಬುಟ್ಟಿ ಸಾಕು ಅಭ್ಯಾಸಕ್ಕೆ.

ಕೆರೆದಂಡೆ:
ಕ್ಯಾಂಪಸ್ ಒಳ್ಳೆಯ ಐಡಿಯಾ. ಗೆಳೆಯರನ್ನು ಕೇಳಿ ನೋಡುತ್ತೇನೆ.

ಬಯಲುಸೀಮೆ:
ಮತ್ತೆ ನಮ್ಮ ವಿಷಯಕ್ಕೆ ಬರೋಣ. ನಿನ್ನೆ ಬಜ್ ಒಂದನ್ನೇ ಹಿಡಿದು ಆಡಿದೆ. ಡಿಸ್ಕ್ ದೂರ ಹೋಗಲಿಲ್ಲ, ಆದರೆ ದಾರಿಯಲ್ಲೇ ಉಳಿಯಿತು. ಎಷ್ಟೋ ಹೋಲಿನಲ್ಲಿ ಎರಡನೇ ಎಸೆತಕ್ಕೆ ಬುಟ್ಟಿ ಕಾಣುತ್ತಿತ್ತು. ಮಗಳಿಗೆ ಏನು ಕೊಡಿಸಲಿ ಅಂತ ಯಾರೂ ಹೇಳಲಿಲ್ಲ.

ಮಳೆಹನಿ:
ನನ್ನ ಮಗನಿಗೆ 150 ಗ್ರಾಂ ಒಳಗಿನ ಪುಟರ್ ಕೊಡಿಸಿದ್ದೇವೆ. ಮೆತ್ತನೆ ಪ್ಲಾಸ್ಟಿಕ್, ಕೈಗೂ ಹಿತ. ನಿಮ್ಮ ಮಗಳಿಗೆ ಟೀ ಪ್ಯಾಡ್‌ನಿಂದಲೇ ಆಡಿಸಬೇಕು ಅಂತಿಲ್ಲ. ಅರ್ಧ ದಾರಿಯಿಂದ ಶುರು ಮಾಡಿಸಿ. ಸರಪಳಿಗೆ ಬಿದ್ದ ಸದ್ದು ಬೇಗ ಕೇಳಿದರೆ ಮಕ್ಕಳು ಸಾಕು ಅನ್ನುವುದಿಲ್ಲ. ಹಿಂದೆ ಬೇರೆ ಗುಂಪು ಕಾಯುತ್ತಿದ್ದರೆ ಅವರನ್ನು ಮುಂದೆ ಕಳಿಸಿಬಿಡಿ, ಅವಸರ ಬೇಡ.

ಪೈನ್‌ಕಾಯಿ:
ಡಿಸ್ಕಿನ ಒಳಭಾಗದಲ್ಲಿ ಅಳಿಸದ ಮಾರ್ಕರ್‌ನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ಇಲ್ಲಿ ಸಿಕ್ಕವರು ಸಾಮಾನ್ಯವಾಗಿ ಫೋನ್ ಮಾಡಿ ವಾಪಸ್ ಕೊಡುತ್ತಾರೆ. ಸ್ಪರ್ಧೆಯಲ್ಲಾದರೆ ಹುಡುಕಲು ಮೂರೇ ನಿಮಿಷ. ಸಿಗದಿದ್ದರೆ ಒಂದು ಎಸೆತದ ದಂಡ ಹಾಕಿಕೊಂಡು ಹಿಂದಿನ ಜಾಗದಿಂದ ಮತ್ತೆ ಎಸೆಯಬೇಕು.

ಸಂಜೆಮಲ್ಲಿಗೆ:
ಒಂದು ಕೇಳುತ್ತೇನೆ. ಕಾಲುದಾರಿ ಮತ್ತು ಫೇರ್‌ವೇ ಒಂದನ್ನೊಂದು ದಾಟುವ ಕಡೆ ಎರಡೂ ಬದಿಗೆ ಬೋರ್ಡ್ ಹಾಕಿ ಅಂತ ನಮ್ಮ ಕೌಂಟಿಯ ಪಾರ್ಕ್ ವಿಭಾಗಕ್ಕೆ ಬರೆಯಬೇಕು ಅಂದುಕೊಂಡಿದ್ದೇನೆ. ನಡೆಯುವವರಿಗೆ ಒಂದು, ಆಡುವವರಿಗೆ ಒಂದು. ಆಡುವವರೂ ಸಹಿ ಹಾಕಿದರೆ ಪತ್ರಕ್ಕೆ ತೂಕ ಬರುತ್ತದೆ.

ಕಾಫಿಡಬರಿ:
ನಾನು ಹಾಕುತ್ತೇನೆ ಮೇಡಂ. ಯಾವ ಹೋಲಿನ ಹತ್ತಿರ ದಾರಿ ದಾಟುತ್ತದೆ ಅಂತ ಫೋಟೋ ಸಮೇತ ಬರೆಯಿರಿ, ಅವರಿಗೆ ಜಾಗ ಹುಡುಕುವುದು ಸುಲಭವಾಗುತ್ತದೆ.

ಹೆಬ್ಬಲಸು:
ನನ್ನದೂ ಒಂದು ಸಹಿ. ಅಕ್ಕ, ಕರಡು ಆದ ಮೇಲೆ ಇಲ್ಲೇ ಹಾಕಿ, ಎಲ್ಲರೂ ನೋಡುತ್ತೇವೆ.